ಅಯೊವಾದ ಬೇಸಿಗೆ: ಸೆಖೆ, ಡೆರೇಚೊ ಮತ್ತು ಹಳೆಯ ದಾಖಲೆಗಳನ್ನು ಓದುವ ಬಗೆ

ಅಮೆರಿಕದ ಮಿಡ್‌ವೆಸ್ಟ್ ಭಾಗದ ಹವಾಮಾನ ಓದಲು ಕೂತವರು ಸಾಮಾನ್ಯವಾಗಿ ಬಿಸಿಲನ್ನು ಒಂದು ಅಧ್ಯಾಯದಲ್ಲಿ, ಬಿರುಗಾಳಿಯನ್ನು ಇನ್ನೊಂದರಲ್ಲಿ ಓದಿ ಮುಗಿಸುತ್ತಾರೆ. ಅಯೊವಾ ರಾಜ್ಯದ ಮಟ್ಟಿಗೆ ಇದು ಸರಿಹೋಗುವುದಿಲ್ಲ. ಅಲ್ಲಿ ಜುಲೈ ತಿಂಗಳ ಸೆಖೆಗೂ, ನೇರ ಬೀಸಿ ಮರಗಳನ್ನು ಬುಡಮೇಲು ಮಾಡುವ ಡೆರೇಚೊ ಎಂಬ ಗಾಳಿಗೂ ಮೂಲ ಒಂದೇ: ನೆಲಕ್ಕೆ ಹತ್ತಿರದ ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದು. ಥರ್ಮಾಮೀಟರ್ ಅದನ್ನು ಹೇಳುವುದಿಲ್ಲ.

ಮೊದಲು ಡ್ಯೂ ಪಾಯಿಂಟ್

ರಾಯಚೂರಿನ ಬಿಸಿಲೂ ಮಂಗಳೂರಿನ ಸೆಖೆಯೂ ಒಂದೇ ಅಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಾಯಚೂರಿನಲ್ಲಿ 40 ಡಿಗ್ರಿ ದಾಟಿದ್ದರೂ ನೆರಳಿಗೆ ಬಂದರೆ ಬೆವರು ಆರುತ್ತದೆ. ಮಂಗಳೂರಿನಲ್ಲಿ 33 ಇದ್ದರೂ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳುವುದೇ ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಬಿಂದು. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರಲ್ಲಿನ ಆವಿ ಹನಿಯಾಗಲು ಶುರುವಾಗುತ್ತದೋ ಆ ಅಂಕಿ.

ಇಲ್ಲಿ ಶೇಕಡಾವಾರು ಆರ್ದ್ರತೆಯನ್ನು ನೋಡಿ ಮೋಸಹೋಗುವವರು ಬಹಳ. ಬೆಳಿಗ್ಗೆ 22 ಡಿಗ್ರಿ, ಆರ್ದ್ರತೆ ಶೇ 94. ಮಧ್ಯಾಹ್ನ 31 ಡಿಗ್ರಿ, ಆರ್ದ್ರತೆ ಶೇ 55. ಗಾಳಿ ಒಣಗಿತು ಅನ್ನಿಸುತ್ತದೆ. ಆದರೆ ಎರಡೂ ಹೊತ್ತಿನಲ್ಲಿ ಡ್ಯೂ ಪಾಯಿಂಟ್ 21ರಲ್ಲೇ ನಿಂತಿದೆ, ಒಂದು ಹನಿ ನೀರೂ ಕಡಿಮೆಯಾಗಿಲ್ಲ. ಬಿಸಿ ಗಾಳಿ ಹೆಚ್ಚು ಆವಿ ಹಿಡಿಯಬಲ್ಲದು, ಅದಕ್ಕೇ ಶೇಕಡಾ ಇಳಿಯಿತು. ಹಾಗಾಗಿ ದಿನಚರಿಯಲ್ಲಿ ಬರೆದಿಡುವಾಗ ಶೇಕಡಾ ಬಿಟ್ಟು ಡ್ಯೂ ಪಾಯಿಂಟನ್ನೇ ಬರೆಯಿರಿ. 15ರ ಕೆಳಗೆ ಹಿತ, 21 ದಾಟಿದರೆ ಅಂಟು, 24 ದಾಟಿದರೆ ಕರಾವಳಿಯ ಮೇ ತಿಂಗಳು. ಮಿನೆಸೋಟದ ಮೂರ್‌ಹೆಡ್‌ನಲ್ಲಿ 2011ರ ಜುಲೈ 19ರಂದು ಇದು 31 ಡಿಗ್ರಿ ಮುಟ್ಟಿತ್ತು. ಸಮುದ್ರದಿಂದ ಅಷ್ಟು ದೂರದ ಊರಿನಲ್ಲಿ!

ಈ ನೀರು ಬರುವುದು ಮುಖ್ಯವಾಗಿ ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ. ಅದಕ್ಕೆ ಸ್ಥಳೀಯವಾಗಿ ಸೇರುವುದು ಮೆಕ್ಕೆಜೋಳ. ಬೆಳೆದು ನಿಂತ ಒಂದು ಎಕರೆ ಮೆಕ್ಕೆಜೋಳ ದಿನಕ್ಕೆ 11,000ದಿಂದ 15,000 ಲೀಟರ್ ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಡುತ್ತದೆ. ಅಯೊವಾದಲ್ಲಿ ಅಂಥ ಎಕರೆಗಳು ಸುಮಾರು 1.3 ಕೋಟಿ. ಸೂಲಂಗಿ ಹೊರಡುವ ಜುಲೈನಲ್ಲೇ ಇದರ ಏರುಪ್ರಮಾಣ. ದಾವಣಗೆರೆ, ಹಾವೇರಿ ಸುತ್ತ ಆಳೆತ್ತರದ ಮೆಕ್ಕೆಜೋಳದ ಸಾಲಿನೊಳಗೆ ನಡೆದವರಿಗೆ ಆ ಉಸಿರುಗಟ್ಟುವ ಬಿಸಿ ಗೊತ್ತು. ಆದರೆ ಎಲ್ಲ ಸೆಖೆಯನ್ನೂ ಬೆಳೆಯ ತಲೆಗೆ ಕಟ್ಟಬೇಡಿ. ಕೊಲ್ಲಿಯ ಗಾಳಿ ಬಾರದ ವಾರದಲ್ಲಿ ಬೆಳೆ ಒಂದೇ ಅಷ್ಟು ಸೆಖೆ ಎಬ್ಬಿಸಲಾರದು.

ಮೈಗೆ ಎಷ್ಟು ಬಿಸಿ ತಟ್ಟುತ್ತದೆ ಎಂದು ಹೇಳುವ ಹೀಟ್ ಇಂಡೆಕ್ಸ್ ಪಟ್ಟಿಯ ಬಗ್ಗೆ ಒಂದೇ ಮಾತು. 32 ಡಿಗ್ರಿ, ಶೇ 70 ಆರ್ದ್ರತೆ ಇದ್ದರೆ ಮೈಗೆ 41ರಂತೆ ತಟ್ಟುತ್ತದೆ. ಆದರೆ ಆ ಪಟ್ಟಿ ನೆರಳಿನಲ್ಲಿ, ತೆಳುಗಾಳಿಯಲ್ಲಿ ಇರುವವರಿಗೆ ಮಾಡಿದ್ದು. ನೇರ ಬಿಸಿಲಿನಲ್ಲಿ ಇನ್ನೂ 8 ಡಿಗ್ರಿವರೆಗೆ ಸೇರಿಸಿಕೊಳ್ಳಬೇಕು.

1936 ಮತ್ತು 1995

ಅಯೊವಾದ ಸಾರ್ವಕಾಲಿಕ ದಾಖಲೆ 47.8 ಡಿಗ್ರಿ, ಕಿಯೊಕಕ್ ಪಟ್ಟಣ, 1934ರ ಜುಲೈ 20. ಎರಡು ವರ್ಷದ ನಂತರ, 1936ರ ಜುಲೈನಲ್ಲಿ ಡಿಮೊಯಿನ್ ನಗರ 43.3 ಮುಟ್ಟಿತು. ಆ ದಶಕದ ಬರದಲ್ಲಿ ಮಣ್ಣು ಪೂರಾ ಒಣಗಿತ್ತು. ಮಣ್ಣಿನಲ್ಲಿ ತೇವ ಇದ್ದರೆ ಬಿಸಿಲಿನ ಶಕ್ತಿಯ ದೊಡ್ಡ ಪಾಲು ಅದನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ತೇವ ಇಲ್ಲದಿದ್ದರೆ ಆ ಪಾಲೂ ಗಾಳಿಯನ್ನು ಕಾಯಿಸುತ್ತದೆ. ಪಕ್ಕದ ನೆಬ್ರಾಸ್ಕದ ಲಿಂಕನ್‌ನಲ್ಲಿ ಜುಲೈ 24ರ ರಾತ್ರಿ ಉಷ್ಣಾಂಶ 32.8ಕ್ಕಿಂತ ಕೆಳಗಿಳಿಯಲೇ ಇಲ್ಲ. ಜನ ಚಾಪೆ, ಹಾಸಿಗೆ ಹೊತ್ತು ತಂದು ಶಾಸಕಾಂಗ ಭವನದ ಹುಲ್ಲುಹಾಸಿನ ಮೇಲೆ ಮಲಗಿದರು.

1995ರ ಜುಲೈನ ಷಿಕಾಗೊ ಇದಕ್ಕೆ ತದ್ವಿರುದ್ಧ. 13ನೇ ತಾರೀಖು ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 41 ಡಿಗ್ರಿ. ಅಂಕಿಯಲ್ಲಿ 1930ರ ದಶಕಕ್ಕಿಂತ ಕಡಿಮೆಯೇ. ಆದರೆ ಗಾಳಿ ನೀರಿನಿಂದ ತುಂಬಿತ್ತು. ಆವಿ ನೆಲದ ಶಾಖವನ್ನು ಆಕಾಶಕ್ಕೆ ಸುಲಭವಾಗಿ ಬಿಡದು, ಆದ್ದರಿಂದ ರಾತ್ರಿ ಇಟ್ಟಿಗೆಯ ಮನೆಗಳು ತಣಿಯಲಿಲ್ಲ. ಆ ವಾರದಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸತ್ತವರ ಸಂಖ್ಯೆ 700 ದಾಟಿತು. ಹೆಚ್ಚಿನವರು ಒಂಟಿಯಾಗಿ, ಕಿಟಕಿ ಮುಚ್ಚಿಕೊಂಡು ಬದುಕುತ್ತಿದ್ದ ವಯಸ್ಸಾದವರು. ಬಿಸಿಗಾಳಿಯ ಇತಿಹಾಸ ಬರೆಯುವಾಗ ಹಗಲಿನ ಗರಿಷ್ಠದ ಪಕ್ಕದಲ್ಲೇ ರಾತ್ರಿಯ ಕನಿಷ್ಠವನ್ನೂ ಬರೆಯಬೇಕು ಎನ್ನುವುದು ಇದಕ್ಕೇ.

ಹಳೆಯ ಪುಸ್ತಕದಲ್ಲಿ ಒಂದೇ ಬಿಸಿಲು ಎರಡು ಸಲ

ಇದು ಕಲಿಯುವವರು ಹೆಚ್ಚು ಎಡವುವ ಜಾಗ, ನಿಧಾನವಾಗಿ ನೋಡೋಣ. ಹಳೆಯ ದಾಖಲೆಗಳ ಬಹುಪಾಲು ರೈತರು, ಅಂಚೆ ಮಾಸ್ತರರಂಥ ಸ್ವಯಂಸೇವಕರು ಬರೆದಿಟ್ಟದ್ದು. ಹಲಗೆ ಸಂದಿಗಳ ಬಿಳಿ ಪೆಟ್ಟಿಗೆಯಲ್ಲಿ ಎರಡು ಥರ್ಮಾಮೀಟರ್ ಇರುತ್ತಿದ್ದವು. ಗರಿಷ್ಠದ್ದು ಪಾದರಸದ್ದು, ಹಳೆಯ ಜ್ವರದ ಥರ್ಮಾಮೀಟರಿನಂತೆ ಏರಿದ ಮೇಲೆ ತಾನಾಗಿ ಇಳಿಯದು. ದಿನಕ್ಕೊಮ್ಮೆ ಓದಿ, ತಿರುಗಿಸಿ ಇಳಿಸಬೇಕು.

1930ರ ದಶಕದಲ್ಲಿ ಹಲವರು ಸಂಜೆ ಓದುತ್ತಿದ್ದರು. ಸೋಮವಾರ ಸಂಜೆ 5 ಗಂಟೆಗೆ ಓದಿ, ಇಳಿಸಿಟ್ಟರು ಎಂದುಕೊಳ್ಳಿ. ಆಗಲೂ ಹೊರಗೆ 38 ಡಿಗ್ರಿ, ಹಾಗಾಗಿ ಪಾದರಸ 38ಕ್ಕೇ ನಿಂತಿತು. ರಾತ್ರಿ ಮಳೆ ಬಂತು, ಮಂಗಳವಾರ 29ರ ಮೇಲೆ ಹೋಗಲಿಲ್ಲ. ಆದರೆ ಮಂಗಳವಾರ ಸಂಜೆ ಥರ್ಮಾಮೀಟರ್ ತೋರಿಸುವುದು 38ನ್ನೇ. ಪುಸ್ತಕದಲ್ಲಿ ಎರಡು ದಿನವೂ 38. ಮುಂದಿನ ದಶಕಗಳಲ್ಲಿ ಮಳೆ ನೀರು ಆವಿಯಾಗುವ ಮುನ್ನ ಅಳೆಯಲೆಂದು ಓದುವ ಹೊತ್ತು ಬೆಳಿಗ್ಗೆ 7ರ ಕಡೆಗೆ ಸರಿಯಿತು. ಆಗ ಇದರ ಉಲ್ಟಾ ಆಯಿತು: ಚಳಿಯ ಮುಂಜಾವು ಎರಡು ಸಲ ಲೆಕ್ಕಕ್ಕೆ ಬರತೊಡಗಿತು.

ಹಾಗೆಂದು 1936ರ ದಾಖಲೆಗಳು ಸುಳ್ಳಲ್ಲ. ಆ ದಿನದ ಏರುಬಿಸಿಲು ನಿಜವಾದದ್ದೇ. ಕೆಡುವುದು ತಿಂಗಳ ಸರಾಸರಿ ಮತ್ತು ಎಷ್ಟು ದಿನ 38 ದಾಟಿತು ಎಂಬ ಎಣಿಕೆ. ತಿದ್ದದ ಅಂಕಿ ಹಿಡಿದು ಹಿಂದೆ ಹೆಚ್ಚು ಸೆಕೆಯಿತ್ತು, ಈಗ ಕಡಿಮೆ ಎಂದು ವಾದಿಸುವವರು ಬಿಡುವುದು ಈ ಮೆಟ್ಟಿಲನ್ನೇ. ಬೆಳಗಿನ ಓದಿನಲ್ಲಿ ಇನ್ನೊಂದು ತೊಡಕೂ ಇದೆ. 15ನೇ ತಾರೀಖಿನ ಸಾಲಿನಲ್ಲಿ ಬರೆದ ಗರಿಷ್ಠ ನಿಜಕ್ಕೂ 14ರ ಮಧ್ಯಾಹ್ನದ್ದು. ಎರಡು ಊರುಗಳನ್ನು ಹೋಲಿಸುವ ಮುನ್ನ ಪ್ರತಿ ಕೇಂದ್ರದ ಓದುವ ಹೊತ್ತನ್ನು ಮೊದಲು ಬರೆದುಕೊಳ್ಳಿ.

ಮುಚ್ಚಳ ಮತ್ತು ಗಾಳಿ

ಅಷ್ಟು ಬಿಸಿ, ಅಷ್ಟು ನೀರು ಇದ್ದೂ ದಿನಗಟ್ಟಲೆ ಮೋಡ ಕಟ್ಟದಿರಲು ಕಾರಣ ಮೇಲಿನ ಮುಚ್ಚಳ. ಪಶ್ಚಿಮದ ರಾಕಿ ಪರ್ವತ, ಮೆಕ್ಸಿಕೊದ ಪ್ರಸ್ಥಭೂಮಿಗಳ ಮೇಲೆ ಕಾದ ಒಣ ಗಾಳಿ ತೇಲಿ ಬಂದು ಅಯೊವಾದ ತೇವದ ಗಾಳಿಯ ಮೇಲೆ ಹಾಸಿಕೊಳ್ಳುತ್ತದೆ. ಕೆಳಗಿನ ಗಾಳಿ ಮೇಲೇರಲು ಹೋದರೆ ತನಗಿಂತ ಬೆಚ್ಚಗಿನ ಪದರ ಅಡ್ಡ ಬರುತ್ತದೆ. ಡೇವನ್‌ಪೋರ್ಟ್ ಮತ್ತು ಒಮಾಹಾ ಬಳಿಯಿಂದ ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ಬೇಸಿಗೆಯ ಸ್ಥಳೀಯ ಕಾಲಮಾನ ಬೆಳಿಗ್ಗೆ 7 ಮತ್ತು ಸಂಜೆ 7ರ ಲೆಕ್ಕಕ್ಕೆ, ಹವಾಮಾನ ಅಳೆಯುವ ಬಲೂನು ಹಾರಿಸುತ್ತಾರೆ. ಅದರ ವರದಿಯಲ್ಲಿ 700 ಮಿಲಿಬಾರ್ ಮಟ್ಟ, ಅಂದರೆ ಸುಮಾರು 3 ಕಿ.ಮೀ. ಎತ್ತರದ ಉಷ್ಣಾಂಶ ನೋಡಿ. 12 ಡಿಗ್ರಿ ಮೀರಿದ್ದರೆ ಮುಚ್ಚಳ ಬಿಗಿ ಎನ್ನುವುದು ರೂಢಿಯ ಲೆಕ್ಕ. ನಡುಬೇಸಿಗೆಯಲ್ಲಿ ಅದನ್ನೂ ಒಡೆದು ಮೋಡ ಏಳುವುದುಂಟು. ಬಿಗಿ ಮುಚ್ಚಳದ ಅಂಚು ಉತ್ತರದಲ್ಲಿ ಎಲ್ಲಿದೆಯೋ ಅಲ್ಲೇ ಮಳೆಮೋಡಗಳು ಸಾಲುಗಟ್ಟುತ್ತವೆ.

ಈಗ ಡೆರೇಚೊ. ಮಳೆ ಹನಿಗಳು ಆ ಒಣ ಪದರದ ಮೂಲಕ ಬೀಳುವಾಗ ಅರ್ಧಕ್ಕೇ ಆವಿಯಾಗಿ ಗಾಳಿಯನ್ನು ತಣಿಸುತ್ತವೆ. ತಣಿದ ಗಾಳಿ ಭಾರ, ನೆಲಕ್ಕೆ ಧುಮುಕಿ ಮುಂದಕ್ಕೆ ಹರಡುತ್ತದೆ. ಹರಡುವಾಗ ಎದುರಿನ ತೇವದ ಗಾಳಿಯನ್ನು ನೇಗಿಲಿನಂತೆ ಮೇಲಕ್ಕೆತ್ತುತ್ತದೆ, ಹೊಸ ಮೋಡ ಏಳುತ್ತದೆ, ಅದರಿಂದ ಇನ್ನಷ್ಟು ತಂಪು ಗಾಳಿ. ಹಿಂಬದಿಯಿಂದ ಎತ್ತರದ ವೇಗದ ಗಾಳಿಯೂ ನುಗ್ಗಿ ಕೆಳಗಿಳಿಯುತ್ತದೆ. ರೇಡಾರ್‌ನಲ್ಲಿ ಸಾಲು ಬಿಲ್ಲಿನಂತೆ ಬಾಗಿದರೆ, ಬಿಲ್ಲಿನ ನಡುಭಾಗದ ದಾರಿಯಲ್ಲಿರುವ ಊರಿಗೆ ಪೆಟ್ಟು ಜಾಸ್ತಿ.

2020ರ ಆಗಸ್ಟ್ 10 ಇದರ ದೊಡ್ಡ ಪಾಠ. ದಕ್ಷಿಣ ಡಕೋಟದ ಆಗ್ನೇಯ ಮೂಲೆಯಿಂದ ಒಹಾಯೊವರೆಗೆ 14 ಗಂಟೆಯಲ್ಲಿ 1,240 ಕಿ.ಮೀ.; ಸರಾಸರಿ ಗಂಟೆಗೆ 90ಕ್ಕೆ ಹತ್ತಿರ. ಅಯೊವಾದ ಸೀಡರ್ ರಾಪಿಡ್ಸ್ ನಗರಕ್ಕೆ ಮಧ್ಯಾಹ್ನ ಬಡಿಯಿತು. ಸಾಮಾನ್ಯವಾಗಿ ಇಂಥ ಗಾಳಿ ಹತ್ತಿಪ್ಪತ್ತು ನಿಮಿಷದಲ್ಲಿ ದಾಟಿಹೋಗುತ್ತದೆ. ಅಲ್ಲಿ ಅರ್ಧ ಗಂಟೆಯ ಮೇಲೂ ಬೀಸಿತು. ಊರಿನ ಮರಗಳ ಹಸಿರು ಹೊದಿಕೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಧಾನ್ಯದ ತಗಡಿನ ಕಣಜಗಳು ಕಾಗದದಂತೆ ಮುದುಡಿದವು, ಸಾಲುಸಾಲು ಮೆಕ್ಕೆಜೋಳ ಪೂರ್ವಕ್ಕೆ ಮಲಗಿದ್ದು ಉಪಗ್ರಹ ಚಿತ್ರದಲ್ಲೇ ಕಂಡಿತು.

ಇದರ ವೇಗ ಬರೆಯುವಾಗ ಎರಡು ಅಂಕಿ ಬೆರೆಸಬೇಡಿ. ಆಟ್ಕಿನ್ಸ್ ಎಂಬಲ್ಲಿ ಉಪಕರಣ ಅಳೆದದ್ದು ಗಂಟೆಗೆ 203 ಕಿ.ಮೀ. ಎಲ್ಲೆಡೆ ಓದುವ 225 ಕಿ.ಮೀ. ಎಂಬುದು ಸೀಡರ್ ರಾಪಿಡ್ಸ್‌ನ ಒಂದು ಕಟ್ಟಡಕ್ಕಾದ ಹಾನಿ ನೋಡಿ ಮಾಡಿದ ಅಂದಾಜು. ರೇಡಾರ್ ಅಂಕಿಯನ್ನೂ ನೆಲದ ಗಾಳಿ ಎಂದು ತಿಳಿಯಬೇಡಿ. 100 ಕಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ಅದರ ಕಿರಣ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. ವಿಮಾನ ನಿಲ್ದಾಣದ ಮೂಲ ವರದಿ ನಾಟ್‌ಗಳಲ್ಲಿರುತ್ತದೆ, 1.85ರಿಂದ ಗುಣಿಸಿದರೆ ಕಿ.ಮೀ.

ಹೆಸರು ಹುಟ್ಟಿದ್ದೂ ಅಯೊವಾದಲ್ಲೇ. ಅಯೊವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗುಸ್ಟಾವಸ್ ಹಿನ್ರಿಕ್ಸ್ 1875ರಲ್ಲಿ ರಾಜ್ಯಕ್ಕೊಂದು ಹವಾಮಾನ ಸೇವೆ ಕಟ್ಟಿದರು. 1877ರ ಜುಲೈ 31ರ ಗಾಳಿಯ ಹಾನಿಯನ್ನು ನಕ್ಷೆಯಲ್ಲಿ ಗುರುತಿಸಿ, ಇದು ಸುಂಟರಗಾಳಿಯಲ್ಲ, ನೇರ ಬೀಸಿದ್ದು ಎಂದು ತೋರಿಸಿದರು. 1888ರಲ್ಲಿ ಅದಕ್ಕೆ ಸ್ಪ್ಯಾನಿಷಿನಲ್ಲಿ ನೇರ ಎಂಬ ಅರ್ಥದ ಡೆರೇಚೊ ಎಂಬ ಪದ ಕೊಟ್ಟರು. ಸುಮಾರು ನೂರು ವರ್ಷ ಮರೆತುಹೋಗಿದ್ದ ಪದವನ್ನು 1987ರಲ್ಲಿ ಬೇರೆ ಹವಾಮಾನ ತಜ್ಞರು ಮತ್ತೆ ಬಳಕೆಗೆ ತಂದರು. ಮರ ಬಿದ್ದ ದಿಕ್ಕು ನೋಡುವ ಹಿನ್ರಿಕ್ಸ್ ಅವರ ಉಪಾಯ ಇಂದಿಗೂ ನಡೆಯುತ್ತದೆ: ಎಲ್ಲ ಒಂದೇ ಕಡೆ ಮಲಗಿದ್ದರೆ ನೇರಗಾಳಿ, ಒಂದು ನಡುಗೆರೆಯತ್ತ ಎರಡೂ ಬದಿಯಿಂದ ಬಾಗಿದ್ದರೆ ಸುಂಟರಗಾಳಿ.

ಅಲ್ಲಿರುವ ಕನ್ನಡಿಗರಿಗೆ ಉಪಯೋಗವಾಗುವ ಒಂದು ವಿಷಯ. ಗಂಟೆಗೆ 93 ಕಿ.ಮೀ. ಗಾಳಿ ಅಥವಾ 2.5 ಸೆಂ.ಮೀ. ಆಲಿಕಲ್ಲು ಮುಟ್ಟುವ ಗುಡುಗುಮಳೆಗೆ ಎಚ್ಚರಿಕೆ ಹೊರಡುತ್ತದೆ. ವಾಚ್ ಎಂದರೆ ಸಾಧ್ಯತೆ ಇದೆ, ವಾರ್ನಿಂಗ್ ಎಂದರೆ ಆಗುತ್ತಿದೆ ಅಥವಾ ಹತ್ತಿರ ಬಂದಿದೆ. ಮೊದಲೆಲ್ಲ ಗಾಳಿಯ ವಾರ್ನಿಂಗ್ ಫೋನಿನಲ್ಲಿ ಕೂಗುತ್ತಿರಲಿಲ್ಲ, ಸುಂಟರಗಾಳಿಯದ್ದು ಕೂಗುತ್ತಿತ್ತು. 2021ರ ಬೇಸಿಗೆಯಿಂದ ಗಂಟೆಗೆ 129 ಕಿ.ಮೀ. ಗಾಳಿ ಅಥವಾ 7 ಸೆಂ.ಮೀ. ಆಲಿಕಲ್ಲಿನ ನಿರೀಕ್ಷೆ ಇದ್ದರೆ ಫೋನು ಜೋರಾಗಿ ಕೂಗುತ್ತದೆ. ಆ ಸದ್ದು ಬಂದರೆ ಸುಂಟರಗಾಳಿ ಬಂದಂತೆಯೇ ನೆಲಮಾಳಿಗೆಗೆ ಇಳಿಯಿರಿ, ಅದಿಲ್ಲದ ಮನೆಯಲ್ಲಿ ಕಿಟಕಿಯಿಲ್ಲದ ಒಳಗಿನ ಕೋಣೆಗೆ ಹೋಗಿ.