‘ಡಲ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಓದುಗರ ಪ್ರಶ್ನೆ: ಚಾಕು ಡಲ್, ಬಲ್ಬು ಡಲ್, ಸೀರೆಯ ಬಣ್ಣ ಡಲ್. ಸ್ಕೂಲಿಂದ ಬಂದ ಮಗನ ಮುಖವೂ ಡಲ್. ದಿನಕ್ಕೆ ಹತ್ತು ಸಲ ಈ ಮಾತು ಬಾಯಿಗೆ ಬರುತ್ತದೆ. ಇದಕ್ಕೆ ಕನ್ನಡದಲ್ಲಿ ಸರಿಯಾದ ಪದ ಯಾವುದು? ‘ಮಂಕು’ ಅಂದರೆ ಸಾಕಾ?

ಉತ್ತರ: ಸಾಲದು. ಬಲ್ಬಿಗೆ ಮಂಕು ಸರಿ, ಚಾಕುವಿಗೆ ಹೊಂದುವುದಿಲ್ಲ. ‘ಚಾಕು ಮಂಕಾಗಿದೆ’ ಅಂತ ಅಡುಗೆಮನೆಯಲ್ಲಿ ಯಾರೂ ಅನ್ನುವುದಿಲ್ಲ. ಚಾಕು ಮೊಂಡಾಗುತ್ತದೆ. ಇವೆಲ್ಲಕ್ಕೂ ಒಪ್ಪುವ ಒಂದೇ ಪದ ನಮ್ಮಲ್ಲಿಲ್ಲ. ಇಲ್ಲದಿರುವುದು ಒಳ್ಳೆಯದೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಕನ್ನಡ ಮೊದಲು ‘ಹೋದದ್ದು ಏನು?’ ಅಂತ ನೋಡುತ್ತದೆ. ಹರಿತ ಹೋಯಿತಾ, ಬೆಳಕು ಹೋಯಿತಾ, ಬಣ್ಣವಾ, ಕಾವಾ, ರುಚಿಯಾ? ಅದಕ್ಕೆ ತಕ್ಕ ಹಾಗೆ ಪದ ಬರುತ್ತದೆ.

ಪದ ಹೊಳೆಯದೇ ಇದ್ದಾಗ ನಾನು ಒಂದು ದಾರಿ ಹಿಡಿಯುತ್ತೇನೆ. ಅದೇ ವಸ್ತು ಜೋರಾಗಿದ್ದಾಗ ಏನನ್ನುತ್ತಿದ್ದೆವು ಅಂತ ನೆನಪು ಮಾಡಿಕೊಳ್ಳುತ್ತೇನೆ. ಜ್ವರ ಏರುತ್ತದೆ, ಹಾಗಾಗಿ ಇಳಿಯುತ್ತದೆ. ಅಮಲು, ವಿಷ, ನೆತ್ತಿಗೇರಿದ ಸಿಟ್ಟು ಎಲ್ಲವೂ ಇಳಿಯುವುದೇ. ಹೂವು ಅರಳುತ್ತದೆ, ಆಮೇಲೆ ಬಾಡುತ್ತದೆ. ಹಿಗ್ಗಿದ ಮನಸ್ಸು ಕುಗ್ಗುತ್ತದೆ. ಗರಿಗರಿ ಇದ್ದ ಹಪ್ಪಳ ಮೆತ್ತಗಾಗುತ್ತದೆ. ಖಾರ ಇದ್ದ ಸಾರಿಗೆ ನೀರು ಜಾಸ್ತಿಯಾದರೆ ಸಪ್ಪೆಯಾಗುತ್ತದೆ. ಇದರಲ್ಲೂ ಸೂಕ್ಷ್ಮ ಇದೆ. ‘ಜ್ವರ ಇಳಿದಿದೆ’ ಅಂದರೆ ಕಡಿಮೆಯಾಗಿದೆ ಅಂತ ಅಷ್ಟೆ. ‘ಜ್ವರ ಬಿಟ್ಟಿದೆ’ ಅಂದರೆ ಪೂರ್ತಿ ಹೋಗಿದೆ. ಕಾಯಿಲೆ ಮಲಗಿದವರ ಮನೆಯಲ್ಲಿ ಈ ಎರಡು ಮಾತಿನ ನಡುವೆ ಒಂದು ರಾತ್ರಿಯ ನಿದ್ದೆಗೇಡು ಇರುತ್ತದೆ.

ಚಾಕುವಿಗೆ ಬರೋಣ. ಈಳಿಗೆಮಣೆ, ಮಚ್ಚು, ಕುಡುಗೋಲು, ಪೆನ್ಸಿಲ್ಲು ಎಲ್ಲವೂ ಮೊಂಡಾಗುತ್ತವೆ. ಕೆಲವರು ‘ಮೊದ್ದು’ ಅನ್ನುವುದೂ ಉಂಟು. ಹರಿತ ಇರುವುದು ಅಲಗಿಗೆ, ಮೊನಚು ಇರುವುದು ತುದಿಗೆ. ಎರಡರಲ್ಲಿ ಯಾವುದು ಹೋದರೂ ಮೊಂಡು. ಮತ್ತೆ ಬೇಕಾದರೆ ಮಸೆಯಬೇಕು, ಇಲ್ಲವೇ ಸಾಣೆ ಹಿಡಿಸಬೇಕು. ಇದೇ ಪದಗಳು ಮನುಷ್ಯರ ಮೇಲೆ ಬಂದಾಗ ಬೇರೆ ಬೇರೆಯಾಗಿ ನಿಲ್ಲುವುದು ನೋಡಿ. ಮೊಂಡ ಅಂದರೆ ಏನು ಹೇಳಿದರೂ ಬಗ್ಗದವನು. ಮೊದ್ದು ಅಂದರೆ ತಿಳಿವಳಿಕೆ ನಿಧಾನ. ಮಂಕು ಅಂದರೆ ಬುದ್ಧಿಯ ಮೇಲೆ ಏನೋ ಕವಿದಿದೆ. ಅದಕ್ಕೇ ಮೋಸ ಮಾಡುವವರು ಮಂಕುಬೂದಿ ಎರಚುತ್ತಾರೆ.

ಬಣ್ಣದಲ್ಲಿ ಗೊಂದಲ ಜಾಸ್ತಿ. ಸೀರೆ ಒಗೆದಾಗ ನೀರೆಲ್ಲ ಕೆಂಪಾದರೆ ಬಣ್ಣ ಬಿಟ್ಟಿತು ಅನ್ನುತ್ತೇವೆ. ಹತ್ತು ವರ್ಷ ಉಟ್ಟು, ಬಿಸಿಲಿಗೆ ಹಾಕಿ, ನಿಧಾನವಾಗಿ ತಿಳಿಯಾದರೆ ಬಣ್ಣ ಮಾಸಿತು. ಅಂಗಡಿಯಲ್ಲಿ ‘ಬಣ್ಣ ಗಟ್ಟಿ ಇದೆಯಾ?’ ಅಂತ ಕೇಳುವುದು ಈ ಎರಡೂ ಭಯದಿಂದ. ‘ಮಾಸು’ ಅನ್ನುವುದಕ್ಕೆ ಕೊಳೆಯಾಗು ಅನ್ನುವ ಅರ್ಥವೂ ಇದೆ. ಮಾಸಿದ ಬಟ್ಟೆಯನ್ನು ಒಗೆದರೆ ಸರಿಹೋಗುತ್ತದೆ, ಮಾಸಿದ ಬಣ್ಣವನ್ನು ಒಗೆದರೆ ಇನ್ನಷ್ಟು ಮಾಸುತ್ತದೆ. ನೆನಪಿಗೂ ಇದೇ ಪದ ಬರುತ್ತದೆ. ‘ಮಸುಕು’ ಬೇರೆ. ಅಲ್ಲಿ ವಸ್ತು ಸರಿಯಾಗಿಯೇ ಇರಬಹುದು, ನಮಗೆ ಕಾಣುವುದು ಸ್ಪಷ್ಟವಿಲ್ಲ. ಮಂಜಿನಲ್ಲಿ ಬೆಟ್ಟ ಮಸುಕಾಗುತ್ತದೆ, ಆದರೆ ಮಾಸುವುದಿಲ್ಲ.

ಪಾತ್ರೆಗಳ ವಿಷಯ ಸುಲಭ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು, ಬೆಳ್ಳಿ ಕಪ್ಪಾಗುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ತಾಮ್ರಕ್ಕೆ ಕಳೆ ಬರುತ್ತದೆ. ಆ ಕಳೆ ಕುಂದಿದರೆ ಕಳೆಗುಂದು.

ನನಗೆ ತುಂಬಾ ಇಷ್ಟದ ಪದ ‘ಆರು’. ಕಾಫಿ ಆರುತ್ತದೆ. ಹರವಿದ ಬಟ್ಟೆ ಆರುತ್ತದೆ. ಗಾಯ ಆರುತ್ತದೆ. ಒಲೆಯ ಬೆಂಕಿ ಆರುತ್ತದೆ. ಕಾಫಿಯಿಂದ ಬಿಸಿ ಹೋಯಿತು, ಬಟ್ಟೆಯಿಂದ ತೇವ, ಗಾಯದಿಂದ ಹಸಿ, ಬೆಂಕಿಯಿಂದ ಉರಿ. ಬಾಯಿ ಆರಿದ್ದಕ್ಕೆ ಬಾಯಾರಿಕೆ. ನಡೆದು ಬಂದವರು ಜಗಲಿಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ. ತಮಿಳಿನಲ್ಲೂ ಈ ಪದ ಇದೆ, ಅಲ್ಲೂ ಬಿಸಿಯಾದದ್ದು ಆರುತ್ತದೆ, ಗಾಯ ಆರುತ್ತದೆ. ಇನ್ನೊಂದು ಮಾತು. ‘ಆರಿದೆ’ ಮತ್ತು ‘ತಣ್ಣಗಿದೆ’ ಒಂದೇ ಅಲ್ಲ. ಸಾರು ಆರಿದೆ ಅಂದರೆ ಯಾರೋ ಎದ್ದು ಮತ್ತೆ ಬಿಸಿ ಮಾಡಬೇಕು. ಮಜ್ಜಿಗೆ ತಣ್ಣಗಿದೆ ಅಂದರೆ ಇನ್ನೊಂದು ಲೋಟ ಬೇಕು ಅಂತ.

ಮಳೆಯ ಜೋರು ಕಡಿಮೆಯಾದರೆ ‘ಮಳೆ ತಗ್ಗಿತು’ ಅನ್ನಬಹುದು. ಮಲೆನಾಡಿನ ಕಡೆ ‘ಮಳೆ ಹೊಳವಾಯಿತು’ ಅನ್ನುತ್ತಾರೆ. ಮಳೆ ಕಳೆದುಕೊಂಡದ್ದನ್ನು ಬಿಟ್ಟು ಆಕಾಶಕ್ಕೆ ಬಂದ ಬೆಳಕನ್ನು ಹೇಳುವ ಮಾತು ಅದು. ದಿನಗಟ್ಟಲೆ ಸುರಿಯುವ ಮಳೆ ನೋಡಿದವರಿಗೆ ಮಾತ್ರ ಹೀಗೆ ಹೇಳಲು ಬರುತ್ತದೆ.

ದೀಪದ ವಿಷಯದಲ್ಲಿ ಜನ ಪದವನ್ನೇ ತಪ್ಪಿಸಿಕೊಳ್ಳುತ್ತಾರೆ. ‘ಮನೆಯ ದೀಪ ಆರಿತು’ ಅನ್ನುವ ಮಾತು ಸಾವಿಗೆ ಮೀಸಲು. ಅದಕ್ಕೇ ಹಳೆಯ ಮನೆಗಳಲ್ಲಿ ರಾತ್ರಿ ಮಲಗುವಾಗ ‘ದೀಪ ಆರಿಸು’ ಅನ್ನುತ್ತಿರಲಿಲ್ಲ, ‘ದೀಪ ದೊಡ್ಡದು ಮಾಡು’ ಅನ್ನುತ್ತಿದ್ದರು. ಬತ್ತಿ ಇಳಿಸುವುದಕ್ಕೆ ಸಣ್ಣದು ಮಾಡು, ಪೂರ್ತಿ ನಂದಿಸುವುದಕ್ಕೆ ದೊಡ್ಡದು ಮಾಡು! ನಂದಬಾರದ ದೀಪವೇ ನಂದಾದೀಪ. ದೇವಸ್ಥಾನದ ನಂದಾದೀವಿಗೆಗೆ ಎಣ್ಣೆಗೆಂದು ದಾನ ಬಿಟ್ಟ ಮಾತು ನಮ್ಮ ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇನ್ನು ನಿಮ್ಮ ಮಗನ ಮುಖ. ನಿಮ್ಮ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ‘ಮುಖ ಯಾಕೋ ಡಲ್ಲಾಗಿದೆ’ ಅಂದಾಗ ಏನಾಗಿದೆ ಅಂತ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಹೇಳಲು ಹೊರಟರೆ ಒಂದು ಸಲ ಸರಿಯಾಗಿ ನೋಡಲೇಬೇಕಾಗುತ್ತದೆ. ಬಾಡಿದ ಮುಖ ಹಸಿವಿನದು, ಬಿಸಿಲಿನದು, ದಣಿವಿನದು. ಸಪ್ಪಗಿರುವ ಮುಖದ ಹಿಂದೆ ಆಸೆಪಟ್ಟದ್ದು ಯಾವುದೋ ಕೈಗೆ ಬಂದಿಲ್ಲ. ಹೆದರಿಕೆಗೆ ಮುಖ ಬಿಳಿಚುತ್ತದೆ, ಮೈಯಲ್ಲಿ ರಕ್ತ ಕಡಿಮೆಯಾದರೂ ಬಿಳಿಚುತ್ತದೆ. ನಾಲ್ಕು ಜನರ ಎದುರು ಅವಮಾನವಾದರೆ ಕಪ್ಪಿಡುತ್ತದೆ. ಕಳೆಗುಂದುವುದು ಒಂದು ದಿನದಲ್ಲಿ ಆಗುವಂಥದ್ದಲ್ಲ, ಬಹಳ ದಿನದ ಕಾಯಿಲೆಯೋ ಕೊರಗೋ ಇರುತ್ತದೆ.

ಇವತ್ತು ಸಂಜೆ ಅವನು ಬಂದಾಗ ನೋಡಿ. ಬಾಡಿದ್ದರೆ ಮೊದಲು ತಟ್ಟೆ ಹಾಕಿ. ಸಪ್ಪಗಿದ್ದರೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ. ದಿನದಿನವೂ ಬಿಳಿಚಿಯೇ ಇದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಪ್ಪಿಟ್ಟಿದ್ದರೆ ಮಾತ್ರ ಸದ್ಯಕ್ಕೆ ಏನೂ ಕೇಳಬೇಡಿ, ಸುಮ್ನೆ ಹತ್ತಿರ ಇರಿ.