ಒಂದು ವಾರ್ಡಿನ ಅನುಭವ ಇನ್ನೊಂದು ವಾರ್ಡಿಗೆ

2010ರಲ್ಲಿ ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಅನ್ನು ಪರೀಕ್ಷೆಗೆ ಇಟ್ಟರು. ಕೈ ತೊಳೆದಿರಾ, ತಾಯಿಯ ಬಿಪಿ ನೋಡಿದಿರಾ, ಕೂಸನ್ನು ಒರೆಸಲು ಬಟ್ಟೆ ಸಿದ್ಧ ಇದೆಯಾ ಎಂಬಂಥ ಸರಳ ಪ್ರಶ್ನೆಗಳ ಹಾಳೆ ಅದು. ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ಆಗುತ್ತಿದ್ದವು, ಹಾಳೆ ಬಳಸತೊಡಗಿದ ಮೇಲೆ 25 ಆಗತೊಡಗಿದವು. ಇದೇ ಹಾಳೆಯನ್ನು ನಂತರ ಉತ್ತರ ಪ್ರದೇಶದ 120 ಆಸ್ಪತ್ರೆಗಳ ದೊಡ್ಡ ಅಧ್ಯಯನಕ್ಕೆ ಒಯ್ದರು. ಅರ್ಧದಷ್ಟು ಆಸ್ಪತ್ರೆಗಳಿಗೆ ಹಾಳೆಯ ಜೊತೆ ತರಬೇತುದಾರರೂ ಬಂದರು. ಎರಡು ತಿಂಗಳಿಗೆ ಆ ಆಸ್ಪತ್ರೆಗಳಲ್ಲಿ ಮುಖ್ಯ ಕೆಲಸಗಳ ಪಾಲನೆ ಶೇ. 73ಕ್ಕೆ ಏರಿತ್ತು, ಉಳಿದವುಗಳಲ್ಲಿ ಶೇ. 42 ಇತ್ತು. ತರಬೇತುದಾರರ ಭೇಟಿ ನಿಂತ ಮೇಲೆ, ಹನ್ನೆರಡು ತಿಂಗಳ ಹೊತ್ತಿಗೆ, ಅದು ಶೇ. 62ಕ್ಕೆ ಇಳಿಯಿತು. ತಾಯಂದಿರ ಮತ್ತು ಶಿಶುಗಳ ಸಾವಿನ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿ 2017ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಚೆಕ್‌ಲಿಸ್ಟ್ ನಿರುಪಯುಕ್ತ ಎಂದು ಇದರ ಅರ್ಥವಲ್ಲ. ಔಷಧ ಯಾವ ಊರಿಗೆ ಹೋದರೂ ಅದೇ ಕೆಲಸ ಮಾಡುತ್ತದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಹುಬ್ಬಳ್ಳಿಯಲ್ಲೂ ಗರ್ಭಕೋಶವನ್ನು ಬಿಗಿಸುತ್ತದೆ, ಹಾನಗಲ್ಲಿನಲ್ಲೂ ಬಿಗಿಸುತ್ತದೆ. ಆದರೆ ಹೆರಿಗೆಯಾದ ಒಂದು ನಿಮಿಷದೊಳಗೆ ಅದು ತಾಯಿಯ ಮೈ ಸೇರಬೇಕು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟಿರಬೇಕು. ಫ್ರಿಜ್ ಲೇಬರ್ ರೂಮಿನಲ್ಲಿದೆಯೋ ಕೆಳಗಿನ ಔಷಧ ಕೋಣೆಯಲ್ಲಿದೆಯೋ, ರಾತ್ರಿ ಪಾಳಿಯಲ್ಲಿ ಕೀಲಿ ಯಾರ ಹತ್ತಿರ, ಒಬ್ಬರೇ ಸಿಸ್ಟರ್ ಇದ್ದಾಗ ಇಂಜೆಕ್ಷನ್ ತುಂಬಿಡುವವರು ಯಾರು? ಇವಕ್ಕೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಉತ್ತರ. ಗುಣಮಟ್ಟ ಸುಧಾರಣೆ ಎಂಬ ವಿಜ್ಞಾನ ಕೆಲಸ ಮಾಡುವುದು ಈ ಉತ್ತರಗಳ ಮೇಲೆ.

ಹೀಗೆ ಊಹಿಸಿಕೊಳ್ಳಿ. ಗದಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ, ಏಪ್ರಿಲ್ ತಿಂಗಳು, ಹೊರಗೆ ಸುಡುವ ಬಿಸಿಲು. ಆದರೂ ಹುಟ್ಟಿ ಒಂದು ತಾಸಾದ ಕೂಸುಗಳ ಮೈ ತಣ್ಣಗಿದೆ, ಥರ್ಮಾಮೀಟರ್ 36.5 ಡಿಗ್ರಿಗಿಂತ ಕೆಳಗೆ ತೋರಿಸುತ್ತಿದೆ. ವೈದ್ಯರು ಕೂಸನ್ನು ಬೆಚ್ಚಗಿಡುವ ವಾರ್ಮರ್ ಕೆಟ್ಟಿದೆ ಎನ್ನುತ್ತಾರೆ, ಸಿಸ್ಟರ್ ಟವೆಲ್ ಸಾಲುತ್ತಿಲ್ಲ ಎನ್ನುತ್ತಾರೆ. ಕೂಸು ಹುಟ್ಟಿದ ಕ್ಷಣದಿಂದ ಒಂದು ತಾಸಿನವರೆಗೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಎಲ್ಲರೂ ಕೂತು ಹಾಳೆಯ ಮೇಲೆ ಬರೆಯುವಾಗ ಆಯಾ ಹೇಳುತ್ತಾಳೆ: “ಸಿಸ್ಟರ್, ತೂಕದ ಕಾಟಾ ಫ್ಯಾನಿನ ಬುಡಕ್ಕ ಐತ್ರೀ. ಒದ್ದಿ ಕೂಸು ತಗೊಂಡು ಮೊದಲ ಅಲ್ಲಿಗೇ ಹೋಗ್ತೇವ್ರೀ.”

ಒದ್ದೆ ಮೈಯ ನೀರು ಆವಿಯಾಗುವಾಗ ಮೈಯ ಶಾಖವನ್ನೂ ಎಳೆದುಕೊಳ್ಳುತ್ತದೆ, ಗಾಳಿ ಬೀಸಿದರೆ ಇನ್ನೂ ಬೇಗ. ನವಜಾತ ಶಿಶುವಿಗೆ ತೂಕದ ಲೆಕ್ಕದಲ್ಲಿ ಚರ್ಮದ ಹರವು ಹೆಚ್ಚು, ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಇಲ್ಲ. ಪರಿಹಾರ ಈಗ ಕಣ್ಣೆದುರಿಗೇ ಇದೆ: ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ತೂಕವನ್ನು ಒಂದು ತಾಸು ಬಿಟ್ಟು ನೋಡುವುದು. ಹಾಗೆಂದು ನಾಳೆಯಿಂದ ಎಲ್ಲರಿಗೂ ಹೀಗೇ ಎಂದು ಆದೇಶ ಹೊರಡಿಸುವುದಿಲ್ಲ. ಒಂದು ಪಾಳಿ, ಒಬ್ಬ ತಾಯಿ, ಒಂದು ಕೂಸು. ಏನು ತೊಡಕಾಯಿತು? ಕೂಸಿನ ತೂಕ ಎಷ್ಟೆಂದು ಹೊರಗೆ ನಿಂತ ಅಜ್ಜಿ ಮತ್ತೆ ಮತ್ತೆ ಕೇಳಿದರು, ಸಿಸ್ಟರ್ ಒತ್ತಾಯಕ್ಕೆ ಮಣಿದು ಕೂಸನ್ನು ಎತ್ತಿಬಿಟ್ಟರು. ಹಾಗಾದರೆ ಅಜ್ಜಿಗೆ ಮೊದಲೇ ತಿಳಿಸಿ ಹೇಳಬೇಕು. ಮರುದಿನ ಅದನ್ನು ಸೇರಿಸಿ ಮತ್ತೆ ಪ್ರಯತ್ನ. ಯೋಜಿಸು, ಮಾಡಿ ನೋಡು, ಏನಾಯಿತೆಂದು ಪರಿಶೀಲಿಸು, ಅದರಂತೆ ತಿದ್ದು: ಈ ಸುತ್ತು ಚಿಕ್ಕದಾದಷ್ಟೂ ಕಲಿಕೆ ಬೇಗ.

ಸುಧಾರಿಸಿತು ಎಂದು ಹೇಳುವುದು ಹೇಗೆ? ವಾರಕ್ಕೊಂದು ಚುಕ್ಕೆಯಂತೆ ಗ್ರಾಫ್ ಹಾಳೆಯಲ್ಲಿ ತಣ್ಣಗಾದ ಕೂಸುಗಳ ಪ್ರಮಾಣ ಗುರುತಿಸಿ, ಹಳೆಯ ಚುಕ್ಕೆಗಳ ಮಧ್ಯಾಂಕಕ್ಕೆ (ಅರ್ಧ ಚುಕ್ಕೆಗಳು ಮೇಲೆ, ಅರ್ಧ ಕೆಳಗೆ ಬರುವ ಮಟ್ಟಕ್ಕೆ) ಒಂದು ಅಡ್ಡಗೆರೆ ಎಳೆಯುತ್ತಾರೆ. ಒಂದೆರಡು ವಾರ ಕೆಳಗಿಳಿದರೆ ಅದು ಆಕಸ್ಮಿಕವಾಗಿರಬಹುದು. ಸತತ ಆರು ಚುಕ್ಕೆ ಗೆರೆಯ ಒಂದೇ ಬದಿಗೆ ಬಿದ್ದರೆ ಅದನ್ನು ನಿಜವಾದ ಬದಲಾವಣೆಯ ಸೂಚನೆ ಎಂದು ಎಣಿಸುತ್ತಾರೆ. ನಾಣ್ಯವನ್ನು ಆರು ಸಲ ಚಿಮ್ಮಿದಾಗ ಆರೂ ಸಲ ಒಂದೇ ಮುಖ ಬೀಳುವ ಸಾಧ್ಯತೆ 32ರಲ್ಲಿ 1, ಈ ನಿಯಮದ ಹಿಂದಿರುವುದು ಅಂಥದೇ ಲೆಕ್ಕ. ಪೆನ್ಸಿಲು ಮತ್ತು ಚೌಕದ ಹಾಳೆ ಸಾಕು.

ಈ ಪದ್ಧತಿಯ ಬೇರು ಕಾರ್ಖಾನೆಯಲ್ಲಿದೆ. 1920ರ ದಶಕದಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಟೆಲಿಫೋನ್ ಉಪಕರಣಗಳ ತಯಾರಿಕೆಗಾಗಿ ರೂಪಿಸಿದ ನಕ್ಷೆಗಳನ್ನು ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಬೆಳೆಸಿದರು, ವೈದ್ಯ ಡೊನಾಲ್ಡ್ ಬರ್ವಿಕ್ ಮೊದಲಾದವರು ಆಸ್ಪತ್ರೆಗೆ ತಂದರು. ನಮ್ಮಲ್ಲಿ ದೆಹಲಿಯ ಏಮ್ಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ಸೇರಿ ನಾಲ್ಕು ಹಂತಗಳ ಸರಳ ಕೈಪಿಡಿ ಮಾಡಿವೆ. ಸರ್ಕಾರಿ ಹೆರಿಗೆ ಕೋಣೆಗಳ ಸುಧಾರಣೆಗೆ 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮ ಬಂದಿದೆ.

ಒಂದು ಆಸ್ಪತ್ರೆ ಕಲಿತದ್ದು ಪಕ್ಕದ ಆಸ್ಪತ್ರೆಗೆ ಹೋಗುವ ದಾರಿ ಮಾತ್ರ ಇನ್ನೂ ಸುತ್ತೋಲೆಯೇ. ಧಾರವಾಡದ ಕೃಷಿ ಮೇಳಕ್ಕೆ ಬರುವ ನಮ್ಮ ರೈತರನ್ನು ನೋಡಿ. ಹೊಸ ತಳಿಯ ಕರಪತ್ರವನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ, ಆಮೇಲೆ ತಾಕಿನ ಬದುವಿನ ಮೇಲೆ ನಿಂತು ಬೆಳೆದವರನ್ನು ಬೇರೆಯೇ ಪ್ರಶ್ನೆ ಕೇಳುತ್ತಾರೆ: ನೀರು ಎಷ್ಟು ಸಲ ಬಿಟ್ಟಿರಿ, ರೋಗ ಯಾವಾಗ ಬಂತು, ಹೋದ ವರ್ಷ ಬೆಳೆ ಯಾಕೆ ಹೋಯಿತು? ಹೆರಿಗೆ ಕೋಣೆಯ ಸಿಸ್ಟರ್ ಇನ್ನೊಂದು ಹೆರಿಗೆ ಕೋಣೆಯ ಸಿಸ್ಟರ್‌ಗೆ ಕೇಳಬೇಕಾದದ್ದೂ ಇದೇ ಬಗೆಯ ಪ್ರಶ್ನೆ. ನಮ್ಮ ಕಾರ್ಯಾಗಾರಗಳಲ್ಲಿ ಅದಕ್ಕೆ ಸಮಯವೇ ಇರುವುದಿಲ್ಲ. ಗೆದ್ದ ಫಲಿತಾಂಶದ ಸ್ಲೈಡು ಬರುತ್ತದೆ, ಅಜ್ಜಿಯ ಒತ್ತಾಯದ ಕತೆ ಬರುವುದಿಲ್ಲ. ಬೇಕಾಗಿರುವುದು ಆ ಅಜ್ಜಿಯ ಕತೆಯೇ.

ಅಮೆರಿಕದ ಮಿಶಿಗನ್ ರಾಜ್ಯದ ಉದಾಹರಣೆಯನ್ನು ಈ ಕಣ್ಣಿನಿಂದ ನೋಡಬೇಕು. ಐಸಿಯು ರೋಗಿಗಳ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಬರುವ ಸೋಂಕನ್ನು ತಡೆಯಲು ವೈದ್ಯ ಪೀಟರ್ ಪ್ರೊನೊವೋಸ್ಟ್ ಅವರ ತಂಡ ಐದು ಕೆಲಸಗಳನ್ನು ಗೊತ್ತು ಮಾಡಿತು. 103 ಐಸಿಯುಗಳ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನಳಿಕೆ ಹಾಕಿದ ಪ್ರತಿ 1000 ದಿನಗಳಿಗೆ 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿದಿತ್ತು. ಇದು ಐದು ಸಾಲಿನ ಪವಾಡ ಎಂದುಕೊಳ್ಳುವುದು ಸುಲಭ. ಆದರೆ ವೈದ್ಯರು ಒಂದು ಹೆಜ್ಜೆ ಬಿಟ್ಟರೆ ತಡೆಯುವ ಅಧಿಕಾರ ಅಲ್ಲಿನ ನರ್ಸ್‌ಗಳಿಗೆ ಇತ್ತು. ಸೋಂಕಿನ ಲೆಕ್ಕ ಪ್ರತಿ ಐಸಿಯುಗೂ ನಿಯಮಿತವಾಗಿ ವಾಪಸು ಬರುತ್ತಿತ್ತು, ತಂಡಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದವು. ಐದು ಸಾಲನ್ನು ನಕಲು ಮಾಡುವುದು ಸುಲಭ, ನರ್ಸ್ ಸರ್ಜನ್ನರಿಗೆ ‘ನಿಲ್ಲಿಸಿ’ ಎನ್ನಬಲ್ಲ ವಾತಾವರಣವನ್ನು ನಕಲು ಮಾಡಲಾಗದು.

ನಮ್ಮ ಪಕ್ಕದಿಂದಲೇ ಹೊರಟ ಒಂದು ವಸ್ತುವಿನ ಪಯಣವೂ ಇದನ್ನೇ ತೋರಿಸುತ್ತದೆ. ಹೆರಿಗೆಯ ನಂತರ ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೇವೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಈ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ ನಡೆದಾಗ (ಅದರ ಫಲಿತಾಂಶ ಬಂದದ್ದು 2006ರಲ್ಲಿ) ರಕ್ತ ಅಳೆಯಲು ಒಂದು ಪ್ಲಾಸ್ಟಿಕ್ ಹಾಳೆ ಬಳಸಿದರು. ತಾಯಿಯ ಕೆಳಗೆ ಹಾಸುವ ಈ ಹಾಳೆಯ ತುದಿ ಆಲಿಕೆಯಂತೆ ಇಳಿಬಿದ್ದ ಚೀಲವಾಗುತ್ತದೆ, ಅದರ ಮೇಲೆ ಮಿಲಿಲೀಟರ್ ಗೆರೆಗಳು. ಇಂಥ ಗೆರೆಯುಳ್ಳ ಹಾಳೆಯೇ 2023ರಲ್ಲಿ ಫಲಿತಾಂಶ ಬಂದ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ, ಎರಡು ಲಕ್ಷಕ್ಕೂ ಮಿಕ್ಕಿ ತಾಯಂದಿರ ಅಧ್ಯಯನದಲ್ಲಿ, ಒಂದು ಗುಂಪಿನ ಆಸ್ಪತ್ರೆಗಳು ಪಾಲಿಸಿದ ಹೊಸ ಕ್ರಮದ ಕೇಂದ್ರವಾಯಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಇವೆಲ್ಲ ಸೇರಿ ಮಾಮೂಲಿ ಕ್ರಮದ ಆಸ್ಪತ್ರೆಗಳಲ್ಲಿ ಶೇ. 4.3 ಇದ್ದರೆ ಹೊಸ ಕ್ರಮದ ಕಡೆ ಶೇ. 1.6. ಹಾಳೆಯೊಂದೇ ಅಲ್ಲಿಗೆ ಹೋಗಿರಲಿಲ್ಲ ಎಂಬುದನ್ನು ಗಮನಿಸಿ. ಔಷಧ, ಸಲಾಯಿನ್ ಎಲ್ಲ ಒಂದೇ ಟ್ರಾಲಿಯಲ್ಲಿ ಸಿದ್ಧವಿದ್ದವು, ತರಬೇತಿ ಆಸ್ಪತ್ರೆಯಲ್ಲೇ ನಡೆಯಿತು, ಪ್ರತಿ ಆಸ್ಪತ್ರೆಯಲ್ಲೂ ಮುಂದೆ ನಿಲ್ಲುವ ಒಬ್ಬರಿದ್ದರು, ಅಂಕಿಅಂಶ ತಿರುಗಿ ಅವರ ಕೈಗೇ ಬರುತ್ತಿತ್ತು.

ನಮ್ಮಲ್ಲಿ ದೊಡ್ಡ ಅಡ್ಡಿ ಭಯ. ಕೆಟ್ಟ ಸಂಖ್ಯೆ ಬರೆದವರಿಗೆ ಮೊದಲು ಬರುವುದು ನೋಟಿಸು. ಹಾಗಾಗಿ ರಿಜಿಸ್ಟರಿನಲ್ಲಿ ಎಲ್ಲ ಕೂಸುಗಳ ಉಷ್ಣತೆ 36.8 ಎಂದೇ ಇರುವುದುಂಟು. ಇಂಥ ಪುಟ ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಅದರಿಂದ ಯಾರೂ ಏನನ್ನೂ ಕಲಿಯಲಾರರು. ಸುಧಾರಣೆಗೆಂದು ಬರೆಯುವ ಲೆಕ್ಕವನ್ನು ಶಿಸ್ತುಕ್ರಮಕ್ಕೆ ಬಳಸುವುದಿಲ್ಲ ಎಂದು ಮೇಲಿನವರು ಬಾಯಿಬಿಟ್ಟು ಹೇಳಬೇಕು, ಹೇಳಿದಂತೆ ನಡೆದುಕೊಳ್ಳಲೂಬೇಕು. ಇನ್ನೊಂದು ಅಡ್ಡಿ, ಹಂಚಿಕೆಯೆಲ್ಲ ಇಂಗ್ಲಿಷಿನಲ್ಲಿ ಮತ್ತು ವೈದ್ಯರ ನಡುವೆಯೇ ನಡೆಯುವುದು. ಕಾಟಾ ಎಲ್ಲಿದೆ ಎಂದು ಬಲ್ಲ ಆಯಾ ಆ ಕೋಣೆಗೆ ಬರುವುದೇ ಇಲ್ಲ.

ಈ ಭಾಗಕ್ಕೆ ಅನುಕೂಲವೂ ಇದೆ. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸುತ್ತಲಿನ ಜಿಲ್ಲೆಗಳಿಂದ ರೆಫರ್ ಆದ ತಾಯಂದಿರು ಬರುತ್ತಾರೆ. ಗದಗ, ಹಾವೇರಿಗಳಲ್ಲೂ ಈಗ ವೈದ್ಯಕೀಯ ಕಾಲೇಜುಗಳಿವೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಮುಟ್ಟುವಷ್ಟು ಹತ್ತಿರ. ಕುಂದಗೋಳದ ತಂಡ ರೋಣಕ್ಕೆ, ಸವಣೂರಿನ ತಂಡ ನವಲಗುಂದಕ್ಕೆ ಹೋಗಿ ಒಂದು ಪಾಳಿ ನಿಂತು ನೋಡಿ ಬರಲು ಕಟ್ಟಡ ಬೇಡ, ಯಂತ್ರ ಬೇಡ. ಬೇಕಿರುವುದು ಡ್ಯೂಟಿ ರಜೆ, ಬಸ್ ಚಾರ್ಜು, ಅವರ ಪಾಳಿ ನೋಡಿಕೊಳ್ಳಲು ಬದಲಿ ಸಿಬ್ಬಂದಿ. ಇದಿಷ್ಟು ಜಿಲ್ಲಾ ಹಂತದಲ್ಲೇ ತೀರ್ಮಾನವಾಗಬಲ್ಲದು ಎಂದು ನನ್ನ ನಂಬಿಕೆ.

ವರ್ಗಾವಣೆಯನ್ನೂ ಬಳಸಿಕೊಳ್ಳಬಹುದು. ಸಿಸ್ಟರ್ ಒಬ್ಬರು ಚಾರ್ಜ್ ಒಪ್ಪಿಸುವಾಗ ಕಪಾಟಿನ ಕೀಲಿ, ಔಷಧಗಳ ಪಟ್ಟಿ, ಉಪಕರಣಗಳ ಸಂಖ್ಯೆ ಬರೆದು ಸಹಿ ಹಾಕುತ್ತಾರೆ. ಅದರ ಜೊತೆ ಇನ್ನೊಂದು ಪುಟ ಸೇರಲಿ: ಇಲ್ಲಿ ಏನನ್ನು ಬದಲಿಸಿದೆವು, ಯಾವ ಪ್ರಯತ್ನ ಕೈಕೊಟ್ಟಿತು, ಚುಕ್ಕೆಗಳ ಗ್ರಾಫ್ ಎಲ್ಲಿಗೆ ಬಂದಿದೆ. ಒಂದು ಪ್ರತಿ ಹೊಸದಾಗಿ ಬಂದವರಿಗೆ, ಇನ್ನೊಂದು ವರ್ಗವಾದ ಸಿಸ್ಟರ್ ಹೋಗುವ ಊರಿನ ಹೆರಿಗೆ ಕೋಣೆಗೆ.