‘ನಾನು ಕೊಟ್ಟ ದುಡ್ಡು ಪೂರ್ತಿ ಮಗುವಿಗೇ ಹೋಗುತ್ತಾ ಸಾರ್?’

ಪ್ರಶ್ನೆ: ಉಗಾಂಡಾದ ಬಡ ಮಕ್ಕಳ ಸೊಟ್ಟಪಾದದ ಚಿಕಿತ್ಸೆಗೆ ದುಡ್ಡು ಕೊಡಬೇಕು ಅಂದುಕೊಂಡಿದ್ದೇನೆ ಸಾರ್. ಅದರಲ್ಲಿ ಆಫೀಸು, ಸಂಬಳ ಅಂತ ಎಷ್ಟು ಹೋಗುತ್ತೆ? ನೂರಕ್ಕೆ ನೂರು ಮಗುವಿಗೇ ಮುಟ್ಟಿಸುವ ಸಂಸ್ಥೆ ಯಾವುದು ಹೇಳಿ.

ಈ ಪ್ರಶ್ನೆ ಬರದ ತಿಂಗಳಿಲ್ಲ. ದೇಶ ಬದಲಾಗುತ್ತದೆ, ಕಾಯಿಲೆ ಬದಲಾಗುತ್ತದೆ, ‘ನೂರಕ್ಕೆ ನೂರು’ ಮಾತ್ರ ಬದಲಾಗುವುದಿಲ್ಲ. ಸಂಘ ಸಂಸ್ಥೆಗಳ ಲೆಕ್ಕ ನೋಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಈ ಸಲ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಮೊದಲು ಬೇಗ ಮುಗಿಯುವ ವಿಷಯ. ಭಾರತದಿಂದ ಹೊರದೇಶಕ್ಕೆ ದಾನ ಕಳಿಸಬಹುದಾ? ಕಳಿಸಬಹುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು, ದಾನವೂ ಅದರೊಳಗೇ ಬರುತ್ತದೆ. ಎಫ್‌ಸಿಆರ್‌ಎ ಅಡ್ಡ ಬರಲ್ವಾ ಅಂತ ದಯವಿಟ್ಟು ಕೇಳಬೇಡಿ. ಅದು ಹೊರಗಿನಿಂದ ಒಳಗೆ ಬರುವ ದುಡ್ಡಿನ ಕಾಯ್ದೆ. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟರೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲ. ಇನ್ನು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವ ನಮ್ಮವರು ಅಲ್ಲಿನ ಸಂಸ್ಥೆಗೆ ಕೊಡುವಾಗ ‘ಗಿಫ್ಟ್ ಏಡ್’ಗೆ ಟಿಕ್ ಹಾಕುವುದನ್ನು ಮರೆಯಬೇಡಿ. ನೀವು ಕಟ್ಟಿದ ತೆರಿಗೆಯ ಪಾಲನ್ನು ಸರ್ಕಾರ ಸೇರಿಸುವುದರಿಂದ, 100 ಪೌಂಡ್ ಕೊಟ್ಟರೆ ಸಂಸ್ಥೆಗೆ 125 ಸೇರುತ್ತದೆ.

ಈಗ ನೂರಕ್ಕೆ ನೂರಿನ ಕಥೆಗೆ ಬರೋಣ.

ಊರ ಜಾತ್ರೆಯ ಅನ್ನಸಂತರ್ಪಣೆಗೆ ಒಬ್ಬರು ದಾನಿ ಬರುತ್ತಾರೆ ಅಂದುಕೊಳ್ಳಿ. ‘ನನ್ನ ದುಡ್ಡು ಅಕ್ಕಿಗೆ ಮಾತ್ರ ಹೋಗಬೇಕು. ಗ್ಯಾಸಿಗೆ, ಅಡುಗೆಯವರಿಗೆ, ಎಲೆ ಎತ್ತುವವರಿಗೆ ಒಂದು ರೂಪಾಯಿಯೂ ಹೋಗಕೂಡದು’ ಅನ್ನುತ್ತಾರೆ. ಏನು ಮಾಡುತ್ತೀರಿ? ಎಲೆಗೆ ಹಸಿ ಅಕ್ಕಿ ಬಡಿಸುತ್ತೀರಾ? ಅನ್ನದ ವಿಷಯದಲ್ಲಿ ನಗು ಬರುವ ಮಾತು ಆಸ್ಪತ್ರೆ ಅಂದ ಕೂಡಲೇ ನಮಗೆ ಜಾಣತನ ಅನಿಸುತ್ತದೆ.

ಸೊಟ್ಟಪಾದವನ್ನೇ ತೆಗೆದುಕೊಳ್ಳಿ. ಹುಟ್ಟುವಾಗಲೇ ಮಗುವಿನ ಪಾದ ಒಳಕ್ಕೆ, ಕೆಳಕ್ಕೆ ತಿರುಚಿರುತ್ತದೆ. ಹಾಗೇ ಬಿಟ್ಟರೆ ಮಗು ಪಾದದ ಹೊರ ಅಂಚಿನ ಮೇಲೆ ನಡೆಯುವುದನ್ನು ಕಲಿಯುತ್ತದೆ, ಅಲ್ಲೇ ಚರ್ಮ ದಡ್ಡುಗಟ್ಟುತ್ತದೆ. ಇದಕ್ಕೆ ದೊಡ್ಡ ಆಪರೇಷನ್ ಬೇಕಿಲ್ಲ. ಅಮೆರಿಕದ ಅಯೋವಾದಲ್ಲಿದ್ದ ಡಾ. ಇಗ್ನಾಸಿಯೊ ಪೊನ್ಸೆಟಿ ಎಂದೋ ದಾರಿ ತೋರಿಸಿದ್ದರು. ಡಾಕ್ಟರುಗಳು ಅದನ್ನು ನಂಬುವುದಕ್ಕೆ 90ರ ದಶಕವೇ ಬರಬೇಕಾಯಿತು. ವಾರಕ್ಕೊಮ್ಮೆ ಕೈಯಲ್ಲೇ ಪಾದವನ್ನು ಮೆಲ್ಲಗೆ ಸರಿಪಡಿಸಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುವುದು. ಸಾಮಾನ್ಯವಾಗಿ ಐದಾರು ಸಲ. ತಾಯಿ ಹಾಲು ಕುಡಿಸುತ್ತಿರುವಾಗಲೇ ಹಾಕುತ್ತಾರೆ, ಬಾಯಿಗೆ ಹಾಲು ಸಿಕ್ಕಿದ ಮಗು ಕಾಲು ಝಾಡಿಸುವುದಿಲ್ಲ. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿ ‘ನರ’ಕ್ಕೆ, ಅಂದರೆ ಸ್ನಾಯುರಜ್ಜುವಿಗೆ, ಒಂದು ಪುಟ್ಟ ಕೊಯ್ತ, ಮೇಲೆ ಮೂರು ವಾರದ ಪ್ಲಾಸ್ಟರ್. ಬಿಚ್ಚಿದಾಗ ಪಾದ ಹೊರಕ್ಕೆ ತಿರುಗಿರುತ್ತದೆ. ‘ಅಯ್ಯೋ, ಈಗ ಆ ಕಡೆಗೆ ಸೊಟ್ಟ ಮಾಡಿಬಿಟ್ಟರಲ್ಲ’ ಅಂತ ಅಜ್ಜಿಯರು ಹೆದರುತ್ತಾರೆ. ಅದು ಬೇಕೆಂದೇ ಮಾಡಿದ್ದು.

ದಾನಿಗಳ ಲೆಕ್ಕದಲ್ಲಿ ಚಿಕಿತ್ಸೆ ಇಲ್ಲಿಗೆ ಮುಗಿಯಿತು. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ. ಎರಡು ಪುಟ್ಟ ಬೂಟು, ನಡುವೆ ಒಂದು ಅಡ್ಡಪಟ್ಟಿ. ಇದನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕಿರಬೇಕು. ಆಮೇಲೆ ಮಗುವಿಗೆ ನಾಲ್ಕು ವರ್ಷ ಆಗುವ ತನಕ ಮಲಗುವಾಗೆಲ್ಲ ಹಾಕಬೇಕು. ಪಾದ ನೋಡಲು ನೆಟ್ಟಗಿದೆ, ಮಗು ರಾತ್ರಿಯೆಲ್ಲ ಅಳುತ್ತದೆ, ಅಕ್ಕಪಕ್ಕದವರು ‘ಪಾಪ, ಬಿಚ್ಚು’ ಅನ್ನುತ್ತಾರೆ. ತಾಯಿ ಬಿಚ್ಚುತ್ತಾಳೆ. ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಸರಿಯಾದ ಪಾದ ಮತ್ತೆ ಸೊಟ್ಟಗಾಗಲು ಎಲ್ಲಕ್ಕಿಂತ ದೊಡ್ಡ ಕಾರಣವೇ ಬೂಟು ಬಿಟ್ಟುಬಿಡುವುದು.

ಹಾಗಾದರೆ ಆ ಪಾದವನ್ನು ಉಳಿಸುವುದು ಯಾವುದು? ತಾರೀಕಿಗೆ ಸರಿಯಾಗಿ ಬರದ ತಾಯಿಗೆ ಫೋನ್ ಮಾಡುವ ಹೆಣ್ಣುಮಗಳು. ಫೋನ್ ಸಿಗದಿದ್ದರೆ ಬೋಡಾ ಬೋಡಾ ಹಿಡಿದು, ಅಂದರೆ ಅಲ್ಲಿನ ಬೈಕ್ ಟ್ಯಾಕ್ಸಿ ಹಿಡಿದು, ಹಳ್ಳಿಗೆ ಹೋಗಿಬರುವವಳು. ತಾಯಿಯ ಬಸ್ ಚಾರ್ಜು. ಯಾವ ಮಗು ಯಾವತ್ತು ಬಂದಿತ್ತು ಅಂತ ಬರೆದಿಟ್ಟುಕೊಳ್ಳುವ ರಿಜಿಸ್ಟರು. ಪ್ಲಾಸ್ಟರ್ ಹಾಕುವವರಿಗೆ ಕೊಟ್ಟ ತರಬೇತಿ. ಉಗಾಂಡಾದಲ್ಲಿ ಮೂಳೆ ಡಾಕ್ಟರುಗಳು ಬೆರಳೆಣಿಕೆಯಷ್ಟು ಇದ್ದ ಕಾಲದಲ್ಲಿ ಕೆನಡಾದ ಡಾ. ನಾರ್‌ಗ್ರೋವ್ ಪೆನ್ನಿ ಮತ್ತು ಜೊತೆಗಾರರು ಈ ಕೆಲಸವನ್ನು ಎಂಬಿಬಿಎಸ್ ಓದದ ಆರ್ಥೋಪೆಡಿಕ್ ಆಫೀಸರ್‌ಗಳಿಗೆ ಕಲಿಸಿದರು. ಬೂಟನ್ನು ಅಲ್ಲೇ ಸಿಗುವ ಚರ್ಮ, ಮರ, ಕಬ್ಬಿಣದಿಂದ ಮಾಡುವ ವಿಧಾನವನ್ನು ಮಿಶಿಯೆಲ್ ಸ್ಟೀನ್‌ಬೀಕ್ ಅನ್ನುವವರು ಕಂಡುಹಿಡಿದರು. ಇದರಲ್ಲಿ ಅರ್ಧಕ್ಕರ್ಧ ನಮ್ಮ ಲೆಕ್ಕದ ಭಾಷೆಯಲ್ಲಿ ‘ಇತರ ಖರ್ಚು’, ‘ಸಿಬ್ಬಂದಿ’, ‘ಪ್ರಯಾಣ’. ನೀವು ಬೇಡ ಅನ್ನುತ್ತಿರುವುದು ಇದನ್ನೇ.

ಪ್ಲಾಸ್ಟರ್ ಸುರುಳಿಗೆ ಮಾತ್ರ ದುಡ್ಡು ಕೊಡುವ ಸಂಸ್ಥೆಯ ಶೇಕಡಾ ಲೆಕ್ಕ ಕನ್ನಡಿಯ ಹಾಗೆ ಹೊಳೆಯುತ್ತದೆ. ಎರಡು ವರ್ಷ ಬಿಟ್ಟು ಪಾದ ನೋಡಬೇಕು, ಅಷ್ಟೆ.

ಇನ್ನೊಂದು ವಿಷಯ, ಇದು ನಮ್ಮ ವೃತ್ತಿಯ ಗುಟ್ಟು. ಆಫೀಸು ಖರ್ಚಿನ ಶೇಕಡಾವನ್ನು ಕಡಿಮೆ ತೋರಿಸುವುದು ಕಷ್ಟವೇನಲ್ಲ. ಯಾರೋ ದಾನ ಕೊಟ್ಟ ಜಂತುಹುಳದ ಮಾತ್ರೆಗೆ ಅಮೆರಿಕದ ಅಂಗಡಿ ಬೆಲೆ ಬರೆಯಿರಿ. ಬೇರೆ ಕಡೆ ಕೆಲವು ಸೆಂಟಿಗೆ ಸಿಗುವ ಮಾತ್ರೆ ಪುಸ್ತಕದಲ್ಲಿ ಡಾಲರುಗಟ್ಟಲೆ ಆಗುತ್ತದೆ. ಸೇವೆಯ ಮೊತ್ತ ಉಬ್ಬುತ್ತದೆ, ಆಫೀಸು ಖರ್ಚಿನ ಪಾಲು ತಾನಾಗಿಯೇ ಕುಗ್ಗುತ್ತದೆ. ಅಮೆರಿಕದಲ್ಲಿ ಇದು ದೊಡ್ಡ ಚರ್ಚೆಯೇ ಆಗಿತ್ತು. ದಾನಿಗಳಿಗೆ ಇದೇ ಶೇಕಡಾ ತೋರಿಸುತ್ತಿದ್ದ ಚಾರಿಟಿ ನ್ಯಾವಿಗೇಟರ್, ಗೈಡ್‌ಸ್ಟಾರ್ ಮುಂತಾದ ಸಂಸ್ಥೆಗಳ ಮುಖ್ಯಸ್ಥರೇ 2013ರಲ್ಲಿ ಬಹಿರಂಗ ಪತ್ರ ಬರೆದು, ಬರೀ ಆ ಅಂಕಿಯಿಂದ ಸಂಸ್ಥೆಯನ್ನು ಅಳೆಯಬೇಡಿ ಅಂದರು. ಅಳತೆಗೋಲು ಮಾರುವವನೇ ಗೋಲು ಸರಿಯಿಲ್ಲ ಅಂದ ಮೇಲೂ ನಾವು ಬಿಡುತ್ತಿಲ್ಲ.

‘ವಾಟ್ಸಿ ನೂರಕ್ಕೆ ನೂರು ಅನ್ನುತ್ತಲ್ಲ?’ ಅನ್ನುತ್ತೀರಿ, ಗೊತ್ತು. ಬಡ ರೋಗಿಗಳ ಚಿಕಿತ್ಸೆಗೆ ಇಂಟರ್‌ನೆಟ್ಟಿನಲ್ಲಿ ದಾನ ಕೂಡಿಸುವ ಸಂಸ್ಥೆ ಅದು. ಹೆಸರು ಮಾತ್ರ ಕೋಸ್ಟರಿಕಾದ ಒಂದು ಊರಿನದು. ಅಲ್ಲಿ ಬಸ್ಸಿನೊಳಗೆ ಮಗನ ಚಿಕಿತ್ಸೆಗಾಗಿ ಕೈಯೊಡ್ಡುತ್ತಿದ್ದ ತಾಯಿಯನ್ನು ಕಂಡು ಚೇಸ್ ಆಡಮ್ ಅನ್ನುವ ಅಮೆರಿಕದ ಯುವಕ ಆ ಹೆಸರಿನ ಸಂಸ್ಥೆ ಕಟ್ಟಿದ. ರೋಗಿಗೆ ಕೊಟ್ಟದ್ದು ಪೂರ್ತಿ ಚಿಕಿತ್ಸೆಗೇ ಹೋಗುತ್ತದೆ ಅನ್ನುವುದು ಸುಳ್ಳಲ್ಲ. ಸಂಬಳ, ಆಫೀಸಿಗೆ ಬೇರೆ ದಾನಿಗಳು ಬೇರೆಯಾಗಿ ಕೊಡುತ್ತಾರೆ. ಅಂದರೆ ಗ್ಯಾಸಿನ ದುಡ್ಡು ಇನ್ನೊಬ್ಬರ ಜೇಬಿನಿಂದ ಬಂತು. ಒಲೆ ಪುಕ್ಕಟೆ ಉರಿಯಲಿಲ್ಲ.

ಹಾಗಾದರೆ ಏನು ಕೇಳಬೇಕು? ಎಷ್ಟು ಮಕ್ಕಳಿಗೆ ಪ್ಲಾಸ್ಟರ್ ಶುರುವಾಯಿತು, ಎಷ್ಟು ಮಕ್ಕಳು ಮುಗಿಸಿದರು, ಎರಡನೇ ವರ್ಷದಲ್ಲೂ ಬೂಟು ಹಾಕುತ್ತಿರುವವರು ಎಷ್ಟು? ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವವರಿಗೆ ಕೊಡಿ. ಅಮೆರಿಕದ ಮಿರಾಕಲ್‌ಫೀಟ್ ಅಲ್ಲಲ್ಲಿನ ಕ್ಲಿನಿಕ್ಕುಗಳ ಮೂಲಕವೇ ಈ ಕೆಲಸ ಮಾಡಿಸುತ್ತದೆ. ಅವರಿಗೂ ಇದೇ ಪ್ರಶ್ನೆ ಕೇಳಿ, ನನ್ನ ಮಾತಿನ ಮೇಲೆ ಕೊಡಬೇಡಿ.

‘ಮಗುವನ್ನೇ ಬೆಂಗಳೂರಿಗೆ ಕರೆಸಬಾರದಾ?’ ಅಂತಲೂ ಒಬ್ಬರು ಕೇಳಿದ್ದರು. ಹೃದಯಕ್ಕಾದರೆ ಸರಿ. 2003ರಲ್ಲಿ ದೆಹಲಿ–ಲಾಹೋರ್ ಬಸ್ ಮತ್ತೆ ಓಡಿದಾಗ ಎರಡೂವರೆ ವರ್ಷದ ಹುಡುಗಿಯೊಬ್ಬಳು ಅದರಲ್ಲೇ ಬಂದು, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಹೋದಳು. ಅದು ಒಂದು ಸಲದ ಕೆಲಸ. ನಾಲ್ಕು ವರ್ಷ ರಾತ್ರಿ ಹಾಕುವ ಬೂಟಿಗೆ ಊರಲ್ಲೇ ಜನ ಬೇಕು.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ. ಇದು ಉಗಾಂಡಾದ ಕಾಯಿಲೆಯಲ್ಲ. ಸುಮಾರು 800 ಮಕ್ಕಳಲ್ಲಿ ಒಂದಕ್ಕೆ ಇರುತ್ತದೆ, ನಿಮ್ಮ ಬೀದಿಯಲ್ಲೂ ಇರಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ, ಚಿಕಿತ್ಸೆ ಉಚಿತ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಅಂತ ಬಾಣಂತಿಯನ್ನು ಅನ್ನುವುದು ಬಿಟ್ಟು, ಆಶಾ ಕಾರ್ಯಕರ್ತೆಗೆ ತಿಳಿಸಿ. ‘ದೊಡ್ಡದಾದ ಮೇಲೆ ನೋಡೋಣ’ ಬೇಡ, ಮೊದಲ ವಾರಗಳಲ್ಲೇ ಶುರುವಾದರೆ ಒಳ್ಳೆಯದು. ತಾಯಿ ಕಾರ್ಡ್ ಹಿಡಿದು ಜಿಲ್ಲಾಸ್ಪತ್ರೆಗೆ ಹೋಗಿ. ಮತ್ತೆ, ಪ್ಲಾಸ್ಟರ್ ಹಾಕುವ ದಿನ ಮಗುವಿಗೆ ಮನೆಯಲ್ಲೇ ಹೊಟ್ಟೆ ತುಂಬ ಕುಡಿಸಿಕೊಂಡು ಬರಬೇಡಿ. ಆ ಹೊತ್ತಿಗೆ ಸ್ವಲ್ಪ ಹಸಿವಿರಲಿ.